ಪೆಟ್ಟಿಗೆ ಹಳತಾದರೂ ಲೆಕ್ಕ ಉಳಿಯಬೇಕು

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳ ಆಫೀಸು ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕಾರು ಕಂಪ್ಯೂಟರ್ ಪೆಟ್ಟಿಗೆಗಳಿರುತ್ತವೆ. ಒಂದರಲ್ಲಿ ಲೆಕ್ಕಪತ್ರದ ಟ್ಯಾಲಿ, ಇನ್ನೊಂದರಲ್ಲಿ ಹಾಜರಾತಿ ಯಂತ್ರದ ತಂತ್ರಾಂಶ, ಮತ್ತೊಂದರಲ್ಲಿ ಗಿರಾಕಿಗಳು ಕಳಿಸಿದ ಡ್ರಾಯಿಂಗುಗಳು. ಮೂಲೆಯಲ್ಲಿ ಯಾರೂ ಮುಟ್ಟಲು ಹೆದರುವ ಹಳೆಯ ಪೆಟ್ಟಿಗೆಯೊಂದು. ಹತ್ತು ವರ್ಷದ ಹಿಂದೆ ಬರೆಸಿದ ಸ್ಟಾಕ್ ತಂತ್ರಾಂಶ ಅದರಲ್ಲಿ ಮಾತ್ರ ಓಡುತ್ತದೆ. ಇದೇ ಊರಿನ ಇನ್ನೊಂದು ತುದಿಯಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತ ಎಂಜಿನಿಯರುಗಳು ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳಿಗಾಗಿ ಒಂದೊಂದು ಸರ್ವರ್ ಮೇಲೆ ಹತ್ತಾರು ವರ್ಚುವಲ್ ಮಷೀನ್ ಓಡಿಸುತ್ತಾರೆ. ಆರ್. ಕೆ. ಬಾಳಿಗಾ ಅವರು ಮುಖ್ಯಸ್ಥರಾಗಿದ್ದ ಕಾಲದಲ್ಲಿ ರಾಜ್ಯ ಸರ್ಕಾರಿ ಸಂಸ್ಥೆಯಾದ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದೂ, ಪೀಣ್ಯದ ಉದ್ಯಮಿಗಳು 1978ರಲ್ಲಿ ತಮ್ಮ ಸಂಘ ಕಟ್ಟಿಕೊಂಡದ್ದೂ ಹೆಚ್ಚುಕಡಿಮೆ ಒಂದೇ ದಶಕದಲ್ಲಿ. ಆದರೂ ಒಂದು ಕಡೆಯ ದಿನನಿತ್ಯದ ಜ್ಞಾನ ಇನ್ನೊಂದು ಕಡೆಗೆ ಹರಿದು ಬರಲಿಲ್ಲ. ಲಿನಕ್ಸ್ ಸರ್ವರ್ ಒಂದನ್ನು ವರ್ಚುವಲ್ ಮಷೀನುಗಳ ಹೋಸ್ಟ್ ಆಗಿ ಸಜ್ಜುಗೊಳಿಸುವುದು ದೊಡ್ಡ ಕಂಪನಿಗಳಿಗಿಂತ ಇಂಥ ಸಣ್ಣ ಕಾರ್ಖಾನೆಗೇ ಹೆಚ್ಚು ಅಗತ್ಯ ಎಂಬುದು ಈ ಬರಹದ ವಾದ. ಖರ್ಚಿನ ಉಳಿತಾಯ ಅದಕ್ಕೆ ಮುಖ್ಯ ಕಾರಣವಲ್ಲ. ಪೆಟ್ಟಿಗೆಯ ಆಯಸ್ಸಿಗೂ ಅದರೊಳಗಿನ ತಂತ್ರಾಂಶದ ಆಯಸ್ಸಿಗೂ ಇರುವ ಗಂಟನ್ನು ಅದು ಬಿಡಿಸುತ್ತದೆ, ಅದೇ ಮುಖ್ಯ.

ಹಳೆಯ ಬೆಂಗಳೂರಿನ ವಠಾರದಲ್ಲಿ ಒಂದೇ ಕಾಂಪೌಂಡು, ಒಂದೇ ನಲ್ಲಿ. ಒಳಗೆ ಹಲವು ಸಂಸಾರ, ಒಬ್ಬೊಬ್ಬರಿಗೂ ಅವರವರ ಬಾಗಿಲು. ವರ್ಚುವಲ್ ಮಷೀನ್ ವ್ಯವಸ್ಥೆಯೂ ಹಾಗೆಯೇ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಒಂದೇ ಸರ್ವರಿನವು. ಅದರ ಮೇಲೆ ಮೊದಲು ಕೂರುವ ಲಿನಕ್ಸೇ ಹೋಸ್ಟ್. ಒಳಗೆ ನೆಲೆಸುವ ಒಂದೊಂದು ಗೆಸ್ಟ್‌ಗೂ ತನ್ನದೇ ವಿಂಡೋಸ್ ಅಥವಾ ಲಿನಕ್ಸ್, ತನ್ನದೇ ನೆಟ್‌ವರ್ಕ್ ವಿಳಾಸ, ತನ್ನದೇ ಡಿಸ್ಕ್. ತಾನು ಇನ್ನೊಂದರ ಮೇಲೆ ಓಡುತ್ತಿದ್ದೇನೆ ಎಂಬುದು ಗೆಸ್ಟ್‌ನ ಒಳಗಿನ ತಂತ್ರಾಂಶಕ್ಕೆ ತಿಳಿಯಬೇಕಾದ್ದೇ ಇಲ್ಲ. ಅದು ಡಿಸ್ಕ್ ಎಂದು ನಂಬಿ ಬರೆಯುವುದು ನಿಜದಲ್ಲಿ ಹೋಸ್ಟ್‌ನ ಒಂದು ಕಡತಕ್ಕೆ. ಇಡೀ ಕಂಪ್ಯೂಟರೇ ಒಂದು ಕಡತವಾದ ಮೇಲೆ ಅದನ್ನು ನಕಲು ಮಾಡಬಹುದು, ಬೇರೆ ಸರ್ವರಿಗೆ ಹೊತ್ತೊಯ್ಯಬಹುದು, ಐದು ವರ್ಷದ ನಂತರ ಮತ್ತೆ ಎಬ್ಬಿಸಬಹುದು.

ಈ ವಿಚಾರ ಹೊಸದಲ್ಲ. ಐಬಿಎಂ ಕಂಪನಿ 1972ರ ಆಗಸ್ಟ್‌ನಲ್ಲಿ ತನ್ನ ಮೇನ್‌ಫ್ರೇಮ್‌ಗಳಿಗಾಗಿ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಹೊಸ ಆಪರೇಟಿಂಗ್ ಸಿಸ್ಟಂಗೆ ದಾಟುವಾಗ ಹಳೆಯದನ್ನೂ ಅದೇ ಯಂತ್ರದಲ್ಲಿ ಜೊತೆಗೇ ಓಡಿಸಿಕೊಳ್ಳಲು ಗಿರಾಕಿಗಳು ಅದನ್ನು ಬಳಸಿದರು. ಪೀಣ್ಯದ ಸ್ಟಾಕ್ ತಂತ್ರಾಂಶದ ಸಮಸ್ಯೆ ಇದಕ್ಕಿಂತ ಬೇರೆಯಲ್ಲ. ಒಂದು ಪ್ರೊಸೆಸರನ್ನು ಹೀಗೆ ಹಂಚಿಕೊಳ್ಳಲು ಅದರಲ್ಲಿ ಯಾವ ಗುಣಗಳಿರಬೇಕೆಂದು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು 1974ರಲ್ಲಿ ಕರಾರುವಾಕ್ಕಾಗಿ ವಿವರಿಸಿದರು. ಮುಂದೆ ಮನೆಮನೆಗೂ ಬಂದ ಇಂಟೆಲ್ ಮಾದರಿಯ ಪ್ರೊಸೆಸರುಗಳು ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಅವುಗಳ ಕೆಲವು ಆದೇಶಗಳನ್ನು ಹೋಸ್ಟ್ ನಡುವೆ ತಡೆದು ಹಿಡಿಯುವಂತಿರಲಿಲ್ಲ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಅಂಥ ಆದೇಶಗಳನ್ನು ಓಡುವಾಗಲೇ ತಿದ್ದಿ ಬರೆಯುವ ಜಾಣ ಉಪಾಯದಿಂದ ಈ ಕೊರತೆಯನ್ನು ದಾಟಿತು. 2005ರ ಕೊನೆಗೆ ಇಂಟೆಲ್, ಮರುವರ್ಷ ಎಎಂಡಿ, ಈ ಸೌಕರ್ಯವನ್ನು ಪ್ರೊಸೆಸರ್ ಒಳಗೇ ಕೂರಿಸಿದವು. ಅದನ್ನು ಬಳಸಿಕೊಂಡು ಕುಮ್ರಾನೆಟ್ ಎಂಬ ಇಸ್ರೇಲಿ ಕಂಪನಿಯಲ್ಲಿದ್ದ ಆವಿ ಕಿವಿಟಿ ಬರೆದ ಕೆವಿಎಂ, 2007ರ ಫೆಬ್ರುವರಿಯಲ್ಲಿ ಹೊರಬಂದ ಲಿನಕ್ಸ್ ಕರ್ನೆಲ್ 2.6.20ರ ಭಾಗವೇ ಆಯಿತು. ಅಂದಿನಿಂದ ಲಿನಕ್ಸ್ ಇರುವ ಸರ್ವರುಗಳಲ್ಲಿ ಹೋಸ್ಟ್ ಆಗುವ ಶಕ್ತಿ ಪುಕ್ಕಟೆಯಾಗಿ ಬಂದು ಕೂತಿದೆ. ಗೂಗಲ್‌ನ ಕ್ಲೌಡ್ ನಿಂತಿರುವುದು ಕೆವಿಎಂ ಮೇಲೆ. ಅಮೆಜಾನ್ ಕೂಡ 2017ರಿಂದ ಅದನ್ನೇ ಆಧರಿಸಿದ ವ್ಯವಸ್ಥೆಗೆ ಹೊರಳಿಕೊಂಡಿತು.

ಆಯಸ್ಸಿನ ಮಾತಿಗೆ ಸಾಕ್ಷಿ ಬೇಕಾದರೆ ಮೂರು ತಾರೀಖುಗಳನ್ನು ನೋಡಬೇಕು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಈಚಿನ ಪ್ರೊಸೆಸರ್ ಇರಲೇಬೇಕೆಂಬ ಷರತ್ತು; ಚೆನ್ನಾಗಿ ಓಡುತ್ತಿದ್ದ ಎಷ್ಟೋ ಪೆಟ್ಟಿಗೆಗಳು ಅದೊಂದೇ ಕಾರಣಕ್ಕೆ ಅನರ್ಹವಾದವು. ಇತ್ತ ಕಾನೂನಿನ ಗಡಿಯಾರವೇ ಬೇರೆ. ಕಂಪನಿ ಕಾಯ್ದೆಯ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಕಾಪಾಡಬೇಕು. ಕಂಪನಿಯಲ್ಲ, ಪಾಲುದಾರಿಕೆ ಸಂಸ್ಥೆ ಅಥವಾ ಒಬ್ಬರೇ ಮಾಲೀಕರು ಎಂದರೂ ಬಿಡುಗಡೆಯಿಲ್ಲ; ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕೆಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ದಾಖಲೆ ಇಡುವುದೆಂದರೆ ಡಿಸ್ಕಿನಲ್ಲಿ ಕಡತ ಇದ್ದರಾಯಿತು ಎಂದಲ್ಲ, ಅಧಿಕಾರಿ ಕೇಳಿದ ದಿನ ಅದನ್ನು ತೆರೆದು ತೋರಿಸಬೇಕು. ತೆರೆಯಲು ಬೇಕಾದ ಹಳೆಯ ತಂತ್ರಾಂಶ ಹಳೆಯ ವಿಂಡೋಸನ್ನೇ ಬೇಡುತ್ತದೆ, ಆ ವಿಂಡೋಸ್ ಹೊಸ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಈ ಸರಪಳಿ ಕಡಿಯಬೇಕಾದರೆ ಹಳೆಯ ಕಂಪ್ಯೂಟರನ್ನು ಇಡಿಯಾಗಿ ವರ್ಚುವಲ್ ಮಷೀನ್ ಮಾಡಿ ಎತ್ತಿಟ್ಟುಕೊಳ್ಳುವುದೇ ನೇರವಾದ ದಾರಿ. ಟಿಪಿಎಂ ಚಿಪ್ಪಿನ ಕೆಲಸವನ್ನೂ ಲಿನಕ್ಸ್ ಹೋಸ್ಟ್ ತಂತ್ರಾಂಶದಿಂದಲೇ ಮಾಡಿಸಬಲ್ಲದು. ಹೊಸ ವಿಂಡೋಸೂ ಅದೇ ಸರ್ವರಿನಲ್ಲಿ ಪಕ್ಕದಲ್ಲೇ ಓಡುತ್ತದೆ.

ಹೋಸ್ಟ್‌ಗೆ ಲಿನಕ್ಸೇ ಏಕೆ ಎಂಬ ಪ್ರಶ್ನೆಗೆ ಈಚಿನ ಇತಿಹಾಸ ಉತ್ತರ ಕೊಟ್ಟಿದೆ. ಬಹುಕಾಲ ಈ ಕ್ಷೇತ್ರದ ದೊಡ್ಡ ಹೆಸರು ವಿಎಂವೇರ್. 2022ರ ಮೇ ತಿಂಗಳಲ್ಲಿ ಅದನ್ನು 61 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿದ ಬ್ರಾಡ್‌ಕಾಮ್, 2023ರ ನವೆಂಬರ್ 22ರಂದು ವ್ಯವಹಾರ ಮುಗಿಸಿತು. ಮರುತಿಂಗಳೇ ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸಬಹುದಾದ ಲೈಸೆನ್ಸುಗಳ ಮಾರಾಟ ನಿಂತಿತು, ಚಂದಾ ಕಟ್ಟುವುದೊಂದೇ ದಾರಿಯಾಯಿತು. ಸಣ್ಣವರು ನೆಚ್ಚಿಕೊಂಡಿದ್ದ ವಿಎಂವೇರ್‌ನ ಉಚಿತ ಹೋಸ್ಟ್ ತಂತ್ರಾಂಶ ಇಎಸ್‌ಎಕ್ಸ್‌ಐ 2024ರ ಫೆಬ್ರುವರಿಯಲ್ಲಿ ಕೈಬಿಟ್ಟುಹೋಗಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಅಮೆರಿಕದ ಎಟಿ ಅಂಡ್ ಟಿಯಂಥ ದೈತ್ಯ ಸಂಸ್ಥೆಯೇ ತಾಂತ್ರಿಕ ಬೆಂಬಲ ಮುಂದುವರಿಸಿಕೊಳ್ಳಲು 2024ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ, ಕೊನೆಗೆ ರಾಜಿಯಾಗಬೇಕಾಯಿತು. ವಿಎಂವೇರ್ ಒಳ್ಳೆಯ ತಂತ್ರಾಂಶವಲ್ಲ ಎಂದು ಇದರ ಅರ್ಥವಲ್ಲ. ಆದರೆ ತಂತ್ರಾಂಶವನ್ನು ಪೆಟ್ಟಿಗೆಯ ಆಯಸ್ಸಿನಿಂದ ಬಿಡಿಸಿಕೊಂಡು ಮಾರಾಟಗಾರನ ಮರ್ಜಿಗೆ ಕಟ್ಟಿಹಾಕಿದರೆ ಬಿಡಿಸಿಕೊಂಡ ಫಲವೇನು? ಕೆವಿಎಂ ಲಿನಕ್ಸ್ ಕರ್ನೆಲ್‌ನ ಜೊತೆ ಬರುವಂಥದ್ದು. 2008ರಲ್ಲಿ ಕುಮ್ರಾನೆಟ್ಟನ್ನು ರೆಡ್ ಹ್ಯಾಟ್ ಕೊಂಡಿತು, ರೆಡ್ ಹ್ಯಾಟನ್ನು ಐಬಿಎಂ ಕೊಂಡಿತು. ಮಾಲೀಕರು ಬದಲಾದರೂ ಕೆವಿಎಂ ಯಾರ ಕೈಯಿಂದಲೂ ಜಾರಲಿಲ್ಲ.

ಇನ್ನು ಕಟ್ಟುವ ಕೆಲಸ. ಮೊದಲು ಪ್ರೊಸೆಸರ್ ನೋಡಬೇಕು. ಇಂಟೆಲ್ ಆದರೆ ವಿಎಂಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಎಂಬ ಗುರುತು ಅದರ ವಿವರದಲ್ಲಿ ಕಾಣಬೇಕು. ಕಾಣದಿದ್ದರೆ ಬಹಳ ಸಲ ದೋಷ ಪ್ರೊಸೆಸರಿನದಲ್ಲ, ಬಯಾಸ್‌ನಲ್ಲಿ ಆ ಸೌಕರ್ಯ ಆಫ್ ಆಗಿರುತ್ತದೆ. ಉಬುಂಟು, ಡೆಬಿಯನ್, ಆಲ್ಮಾ ಲಿನಕ್ಸ್‌ಗಳಲ್ಲಿ ಕೆವಿಎಂ ಜೊತೆಗೆ ಕ್ಯೂಎಮು ಮತ್ತು ಲಿಬ್‌ವರ್ಟ್ ಹಾಕಿಕೊಂಡರೆ ಹೋಸ್ಟ್ ಸಿದ್ಧ. ಕ್ಯೂಎಮು ಗೆಸ್ಟ್‌ಗೆ ಡಿಸ್ಕು, ನೆಟ್‌ವರ್ಕ್ ಕಾರ್ಡು, ಪರದೆ ಮುಂತಾದವನ್ನು ಒದಗಿಸುತ್ತದೆ. ಲಿಬ್‌ವರ್ಟ್ ಎಲ್ಲವನ್ನೂ ನಿರ್ವಹಿಸುತ್ತದೆ. ಕಮಾಂಡ್ ಬರೆಯಲು ಹಿಂಜರಿಯುವವರು ಡೆಬಿಯನ್ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ ಹಾಕಿಕೊಂಡು ಬ್ರೌಸರಿನಿಂದಲೇ ಎಲ್ಲ ನಡೆಸಬಹುದು. ಮುಂದಿನದು ಮೆಮೊರಿಯ ಲೆಕ್ಕ. 64 ಜಿಬಿ ಇರುವ ಸರ್ವರ್ ಎಂದುಕೊಳ್ಳಿ. ಲೆಕ್ಕಪತ್ರದ ವಿಂಡೋಸ್‌ಗೆ 8, ಇಆರ್‌ಪಿ ಮತ್ತದರ ಡೇಟಾಬೇಸಿಗೆ 16, ಡ್ರಾಯಿಂಗ್ ಇಡುವ ಫೈಲ್ ಸರ್ವರಿಗೆ 4, ಹಳೆಯ ವಿಂಡೋಸ್ 7ಕ್ಕೆ 4, ಒಟ್ಟು 32. ಹೋಸ್ಟ್‌ಗೆಂದು 8 ಮೀಸಲಿಟ್ಟರೂ ಇನ್ನೂ 24 ಜಿಬಿ ಕೈಯಲ್ಲಿ ಉಳಿಯುತ್ತದೆ. ಪ್ರೊಸೆಸರ್ ಕೋರುಗಳನ್ನು ಇರುವುದಕ್ಕಿಂತ ಹೆಚ್ಚಾಗಿ ಹಂಚಿದರೂ ನಡೆದೀತು, ಏಕೆಂದರೆ ಎಲ್ಲ ಗೆಸ್ಟ್‌ಗಳೂ ಒಂದೇ ಗಳಿಗೆಯಲ್ಲಿ ದುಡಿಯುವುದು ಅಪರೂಪ. ಮೆಮೊರಿಯನ್ನು ಹಾಗೆ ಹಂಚಬಾರದು. ತುಂಬಿಹೋದ ದಿನ ಲಿನಕ್ಸ್ ಯಾವುದಾದರೂ ಒಂದು ಗೆಸ್ಟ್ ಅನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ.

ಡಿಸ್ಕು ಮತ್ತು ನೆಟ್‌ವರ್ಕ್ ವಿಷಯದಲ್ಲೇ ಹೊಸಬರು ಎಡವುವುದು ಹೆಚ್ಚು. ಒಂದೇ ಮಾಹಿತಿಯನ್ನು ಎರಡು ಕಡೆ ಏಕಕಾಲಕ್ಕೆ ಬರೆಯುವ ರೇಡ್ 1 ಜೋಡಿ ಎಸ್‌ಎಸ್‌ಡಿ ಕನಿಷ್ಠ ಅಗತ್ಯ. ಕ್ಯೂಕೌ2 ಮಾದರಿಯ ಡಿಸ್ಕ್ ಕಡತ 200 ಜಿಬಿ ಎಂದು ಹೇಳಿಕೊಂಡರೂ ಬರೆದಷ್ಟೇ ಜಾಗ ಹಿಡಿಯುತ್ತದೆ. ಈ ಅನುಕೂಲವೇ ಬಲೆ. ನಾಲ್ಕು ಗೆಸ್ಟ್‌ಗಳಿಗೆ ಒಟ್ಟು 800 ಜಿಬಿಯ ಮಾತು ಕೊಟ್ಟು 500 ಜಿಬಿ ಡಿಸ್ಕ್ ಹಾಕಿದ್ದರೆ, ಒಂದು ದಿನ ಜಾಗ ಮುಗಿದು ಗೆಸ್ಟ್‌ಗಳು ಇದ್ದಲ್ಲೇ ನಿಲ್ಲುತ್ತವೆ. ವಿಂಡೋಸ್ ಗೆಸ್ಟ್‌ಗಳಿಗೆ ವರ್ಟಯೋ ಎಂಬ ಡ್ರೈವರುಗಳನ್ನು ಹಾಕದೇ ಹೋದರೆ ಡಿಸ್ಕು, ನೆಟ್‌ವರ್ಕ್ ಎರಡೂ ಕುಂಟುತ್ತವೆ. ವರ್ಚುವಲ್ ಮಷೀನ್ ನಿಧಾನ ಎಂಬ ದೂರುಗಳ ಹಿಂದೆ ಬಹುಪಾಲು ಇದೇ ಕಾರಣವಿರುತ್ತದೆ. ಲಿಬ್‌ವರ್ಟ್‌ನಲ್ಲಿ ನೆಟ್‌ವರ್ಕ್ ತಾನಾಗಿಯೇ 192.168.122 ಎಂದು ಶುರುವಾಗುವ ಒಳಜಾಲವಾಗಿ ಸಿಗುತ್ತದೆ. ಅದರಿಂದ ಗೆಸ್ಟ್ ಹೊರಗೆ ಹೋಗಬಲ್ಲದು, ಹೊರಗಿನ ಕಂಪ್ಯೂಟರುಗಳು ಅದನ್ನು ನೇರವಾಗಿ ತಲುಪಲಾರವು. ಆಫೀಸಿನವರೆಲ್ಲ ಟ್ಯಾಲಿಗೆ ಬರಬೇಕಾದರೆ ಹೋಸ್ಟ್‌ನ ಕೇಬಲ್ ಪೋರ್ಟಿನ ಮೇಲೆ, ಗೆಸ್ಟ್‌ಗಳನ್ನು ಆಫೀಸಿನ ಜಾಲಕ್ಕೇ ಸೇರಿಸುವ ಬ್ರಿಡ್ಜ್ ಕಟ್ಟಬೇಕು. ವೈಫೈ ಮೇಲೆ ಬ್ರಿಡ್ಜ್ ಸಾಮಾನ್ಯವಾಗಿ ಕೂಡಿಬರುವುದಿಲ್ಲ, ಹಾಗಾಗಿ ಸರ್ವರಿಗೆ ಕೇಬಲ್ ಎಳೆಯಲೇಬೇಕು. ಯುಪಿಎಸ್‌ನಿಂದ ಯುಎಸ್‌ಬಿ ತಂತಿಯನ್ನು ಹೋಸ್ಟ್‌ಗೆ ಕೊಟ್ಟು ಎನ್‌ಯುಟಿ ತಂತ್ರಾಂಶ ಹಾಕಿದರೆ, ಬೆಸ್ಕಾಂ ಕರೆಂಟು ಹೋಗಿ ಬ್ಯಾಟರಿ ಕೆಳಗಿಳಿದಾಗ ಗೆಸ್ಟ್‌ಗಳನ್ನು ಕ್ರಮವಾಗಿ ಮುಚ್ಚಿ ಹೋಸ್ಟ್ ತಾನೂ ಮಲಗುತ್ತದೆ. ಡೇಟಾಬೇಸ್ ಕೆಡದಿರಲು ಇದೊಂದು ಏರ್ಪಾಡು ಸಾಕಷ್ಟು ಕೆಲಸ ಮಾಡುತ್ತದೆ.

ಮೊದಲ ಆಕ್ಷೇಪ ಸಹಜವಾದದ್ದು: ನಾಲ್ಕು ಪೆಟ್ಟಿಗೆಯಲ್ಲಿ ಒಂದು ಕೆಟ್ಟರೆ ಮೂರು ಉಳಿಯುತ್ತಿದ್ದವು, ಈಗ ಒಂದು ಕೈಕೊಟ್ಟರೆ ಇಡೀ ಆಫೀಸು ಕೂರಬೇಕಲ್ಲ? ಈ ಭಯ ಸುಳ್ಳಲ್ಲ. ಆದರೆ ಕೆಟ್ಟ ಮೇಲೆ ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳೆಯ ಪೆಟ್ಟಿಗೆಯ ಮದರ್‌ಬೋರ್ಡ್ ಸುಟ್ಟರೆ ಅಂಥದೇ ಇನ್ನೊಂದನ್ನು ಎಸ್‌ಪಿ ರಸ್ತೆಯಲ್ಲಿ ಹುಡುಕಬೇಕು, ವಿಂಡೋಸ್ ಹಾಕಬೇಕು, ತಂತ್ರಾಂಶ ಬರೆದುಕೊಟ್ಟವರನ್ನು ಪತ್ತೆ ಹಚ್ಚಬೇಕು. ವರ್ಚುವಲ್ ಮಷೀನ್ ಆದರೆ ಅದರ ಕಡತವನ್ನು ಎರಡನೆಯ ಸಾಧಾರಣ ಲಿನಕ್ಸ್ ಯಂತ್ರಕ್ಕೆ ಹಾಕಿ ಎಬ್ಬಿಸಿದರಾಯಿತು. ಇದಕ್ಕೆ ಷರತ್ತು ಒಂದೇ, ಬ್ಯಾಕಪ್ ಇರಬೇಕು. ಅದೇ ಡಿಸ್ಕಿನಲ್ಲಿ ತೆಗೆದ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಒಂದು ನಕಲು ಎರಡನೆಯ ಯಂತ್ರದಲ್ಲಿ, ಮತ್ತೊಂದು ಕಾರ್ಖಾನೆಯ ಆವರಣದ ಹೊರಗೆ ಇರಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಸುತ್ತಲ ಬಡಾವಣೆಗಳು ಮತ್ತು ಆಫೀಸು ಸಂಕೀರ್ಣಗಳಿಗೆ ನೀರು ನುಗ್ಗಿದ್ದು ನೆನಪಿದ್ದವರಿಗೆ ಆವರಣದ ಹೊರಗೆ ಎಂಬ ಮಾತನ್ನು ವಿವರಿಸಬೇಕಿಲ್ಲ. ಬ್ಯಾಕಪ್ಪನ್ನು ಕಾನೂನೂ ಬೇಡುತ್ತದೆ: ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ ತಿದ್ದುಪಡಿಯಾಗಿದೆ. ನಾಲ್ಕು ಪೆಟ್ಟಿಗೆಗಳಿಂದ ದಿನವೂ ಬೇರೆಬೇರೆಯಾಗಿ ನಕಲು ಮಾಡಿ ಈ ನಿಯಮ ಪಾಲಿಸುವವರು ಎಷ್ಟು ಮಂದಿ ಇದ್ದಾರು? ಹೋಸ್ಟ್ ಒಂದೇ ಆದರೆ ರಾತ್ರಿ ಓಡುವ ಒಂದೇ ಆದೇಶ ಸಾಕು.

ಎರಡನೆಯ ಆಕ್ಷೇಪ ಕ್ಲೌಡ್ ಪಕ್ಷದವರದು: ಸ್ವಂತ ಸರ್ವರಿನ ತಲೆನೋವು ಏಕೆ, ಬಾಡಿಗೆಗೆ ತೆಗೆದುಕೊಳ್ಳಿ. ಅಮೆಜಾನ್ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಸೇವೆ ಕೊಡುತ್ತಿದೆ. ಡಿಜಿಟಲ್‌ಓಷನ್ ಬೆಂಗಳೂರಿನಲ್ಲೇ ಇದೆ. ಇಮೇಲ್, ವೆಬ್‌ಸೈಟ್, ಹೊರಗಿನ ಬ್ಯಾಕಪ್ ಇವಕ್ಕೆ ಬಾಡಿಗೆಯೇ ಸರಿ, ಆ ವಾದವನ್ನು ಒಪ್ಪಬೇಕು. ಆದರೆ ದಪ್ಪ ದಪ್ಪ ಡ್ರಾಯಿಂಗ್ ಕಡತಗಳನ್ನು ದಿನವಿಡೀ ತೆರೆದು ಮುಚ್ಚುವ ಕಡೆ, ಡೆಲಿವರಿ ಚಲನ್ ಮುದ್ರಿಸದೆ ಲಾರಿ ಗೇಟು ದಾಟದ ಕಡೆ, ರಸ್ತೆ ಅಗೆದವರು ಕೇಬಲ್ ಕತ್ತರಿಸಿದ ಮಧ್ಯಾಹ್ನ ಕೆಲಸ ನಿಲ್ಲಬಾರದು. ಹಗಲುರಾತ್ರಿ, ತಿಂಗಳು ತಿಂಗಳು ಒಂದೇ ಹದದಲ್ಲಿ ಓಡುವ ಕೆಲಸಕ್ಕೆ ಬಾಡಿಗೆ ಕಟ್ಟುತ್ತಾ ಹೋಗುವುದು ಲಾಭವೂ ಅಲ್ಲ. ದಿಢೀರನೆ ಏರಿಳಿಯುವ ವ್ಯಾಪಾರಕ್ಕೆ ಕ್ಲೌಡ್ ಹೇಳಿಮಾಡಿಸಿದ್ದು, ಪೀಣ್ಯದ ಲೆಕ್ಕಪತ್ರ ಹಾಗೆ ಏರಿಳಿಯುವುದಿಲ್ಲ. ಮೇಲಾಗಿ ಎರಡರ ನಡುವೆ ಹಗೆತನವಿಲ್ಲ. ಇಂದು ಸ್ವಂತ ಹೋಸ್ಟ್‌ನಲ್ಲಿರುವ ವರ್ಚುವಲ್ ಮಷೀನನ್ನು ನಾಳೆ ಬೇಕೆಂದರೆ ಕ್ಲೌಡಿಗೆ ಸಾಗಿಸಬಹುದು. ಪೆಟ್ಟಿಗೆಗೆ ಅಂಟಿಕೊಂಡ ತಂತ್ರಾಂಶಕ್ಕೆ ಆ ದಾರಿಯೂ ಸುಲಭವಲ್ಲ.

ಮೂರನೆಯದು ಲೈಸೆನ್ಸ್ ಮತ್ತು ಭದ್ರತೆಯ ಪ್ರಶ್ನೆ. ಇಲ್ಲಿ ಉತ್ಪ್ರೇಕ್ಷೆಗೆ ಅವಕಾಶ ಕೊಡಬಾರದು. ಹೋಸ್ಟ್ ಉಚಿತ ಎಂದ ಮಾತ್ರಕ್ಕೆ ಒಳಗಿನ ವಿಂಡೋಸ್ ಉಚಿತವಾಗುವುದಿಲ್ಲ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಲೈಸೆನ್ಸನ್ನು ಯಂತ್ರದ ಎಲ್ಲ ಕೋರುಗಳಿಗೆ, ಕನಿಷ್ಠ 16 ಕೋರುಗಳಿಗೆ ಕೊಂಡರೆ ಎರಡು ಗೆಸ್ಟ್ ಓಡಿಸಬಹುದು. ಪೆಟ್ಟಿಗೆಯ ಜೊತೆಗೇ ಬಂದ ಹಳೆಯ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಆ ಪೆಟ್ಟಿಗೆಗಷ್ಟೇ ಸೀಮಿತ. ಅದನ್ನು ವರ್ಚುವಲ್ ಮಾಡುವ ಮುನ್ನ ಹಕ್ಕು ಇದೆಯೇ ಎಂದು ನೋಡಿಕೊಳ್ಳಬೇಕು. ಭದ್ರತೆಯಲ್ಲೂ ಗೋಡೆ ಅಭೇದ್ಯವಲ್ಲ. 2015ರಲ್ಲಿ ವೆನಮ್ ಎಂಬ ಹೆಸರಿನಲ್ಲಿ ಬಯಲಾದ ದೋಷ ಕ್ಯೂಎಮುವಿನ ಫ್ಲಾಪಿ ಡಿಸ್ಕ್ ಭಾಗದಲ್ಲಿತ್ತು. ಯಾರೂ ಬಳಸದ ಆ ಭಾಗದ ಮೂಲಕ ಗೆಸ್ಟ್‌ನಿಂದ ಹೋಸ್ಟ್‌ಗೆ ನುಗ್ಗುವ ದಾರಿ ತೆರೆದಿತ್ತು. ಬೇಡದ ಸಾಧನಗಳನ್ನು ತೆಗೆದುಹಾಕುವುದು, ಹೋಸ್ಟ್‌ಗೆ ಬರುವ ತಿದ್ದುಪಡಿಗಳನ್ನು ತಪ್ಪದೆ ಹಾಕುವುದು, ಹೋಸ್ಟ್ ಮೇಲೆ ಬೇರೆ ಯಾವ ಕೆಲಸವನ್ನೂ ಓಡಿಸದಿರುವುದು ಇದಕ್ಕೆ ಮದ್ದು. ಹಳೆಯ ವಿಂಡೋಸ್ 7 ವರ್ಚುವಲ್ ಆದ ಮಾತ್ರಕ್ಕೆ ಸುರಕ್ಷಿತವಾಗಲಿಲ್ಲ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನಾಕ್ರೈ ಕಾಟ ನೆಟ್‌ವರ್ಕ್ ಮೂಲಕವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಜಿಗಿಯಿತು. ಹೋಸ್ಟ್ ಇದ್ದರೆ ಹಳೆಯ ಗೆಸ್ಟ್ ಅನ್ನು ಇಂಟರ್‌ನೆಟ್ಟೇ ಇಲ್ಲದ ಪ್ರತ್ಯೇಕ ಜಾಲದಲ್ಲಿ ಕೂರಿಸುವುದು ಒಂದು ನಿಮಿಷದ ಕೆಲಸ; ಬಿಡಿ ಪೆಟ್ಟಿಗೆಗೆ ಅದೇ ವ್ಯವಸ್ಥೆ ಮಾಡಲು ಬೇರೆ ಸ್ವಿಚ್ಚು, ಬೇರೆ ತಂತಿ ಬೇಕು. ಇನ್ನೊಂದು ಗೆರೆಯನ್ನೂ ದಾಟಬಾರದು: ಸಿಎನ್‌ಸಿ ಯಂತ್ರವನ್ನು ಕ್ಷಣಕ್ಷಣಕ್ಕೂ ನಿಯಂತ್ರಿಸುವ ಕಂಪ್ಯೂಟರನ್ನು ವರ್ಚುವಲ್ ಮಾಡಲು ಹೋಗಬಾರದು. ಅಲ್ಲಿ ಗಳಿಗೆಯ ತಡವೂ ಪೀಸನ್ನೋ ಟೂಲನ್ನೋ ಹಾಳುಮಾಡೀತು. ಆ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ, ಲೆಕ್ಕ ಇಡುವ ಕಂಪ್ಯೂಟರುಗಳು ಬರಲಿ, ಯಂತ್ರದ ಮೆದುಳು ಯಂತ್ರದಲ್ಲೇ ಇರಲಿ.

ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು: ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಇಪ್ಪತ್ತು ಜನರ ಜಾಬ್ ವರ್ಕ್ ಘಟಕ ಲಿನಕ್ಸ್ ಬಲ್ಲವರನ್ನು ಸಂಬಳಕ್ಕೆ ಇಟ್ಟುಕೊಳ್ಳಲಾರದು, ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಒಮ್ಮೆ ಸರಿಯಾಗಿ ಕಟ್ಟಿದ ಹೋಸ್ಟ್ ದಿನವೂ ಗಮನ ಬೇಡುವುದಿಲ್ಲ. ನಿಯತಕಾಲಿಕವಾಗಿ ತಿದ್ದುಪಡಿ ಹಾಕುವುದು, ಡಿಸ್ಕಿನ ಜಾಗ ನೋಡುವುದು, ಬ್ಯಾಕಪ್ಪಿನಿಂದ ಒಂದು ಗೆಸ್ಟ್ ಅನ್ನು ನಿಜವಾಗಿಯೂ ಎಬ್ಬಿಸಿ ಪರೀಕ್ಷಿಸುವುದು, ಇಷ್ಟೇ ಕೆಲಸ. ಹತ್ತಾರು ಘಟಕಗಳು ಸೇರಿ ಒಬ್ಬ ತಂತ್ರಜ್ಞರನ್ನು ಹಂಚಿಕೊಂಡರೆ ಸಾಕು. ಪೀಣ್ಯ ಕೈಗಾರಿಕೆಗಳ ಸಂಘ ಇಂಥ ವ್ಯವಸ್ಥೆಗೆ ಮುಂದಾಗಲಿ. ಪೀಣ್ಯದಲ್ಲೇ ಇರುವ ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆಗಳು ಟೂಲ್ ರೂಮಿನ ಪಾಠದ ಜೊತೆಗೆ ಕಾರ್ಖಾನೆಯ ಸರ್ವರ್ ನೋಡಿಕೊಳ್ಳುವ ಪಾಠವನ್ನೂ ಸೇರಿಸಲಿ. ಎಲೆಕ್ಟ್ರಾನಿಕ್ ಸಿಟಿಯ ಉದ್ಯಮ ಸಂಘ ಮತ್ತು ವೈಟ್‌ಫೀಲ್ಡಿನ ಕಂಪನಿಗಳು ತಮ್ಮ ಎಂಜಿನಿಯರುಗಳ ಸ್ವಯಂಸೇವೆಯ ದಿನಗಳಲ್ಲಿ ಕೆಲವನ್ನು ಈ ಕೆಲಸಕ್ಕೆ ಕೊಡಲಿ. ಮಾಲೀಕರು ಇದಕ್ಕೆಲ್ಲ ಕಾಯಬೇಕಿಲ್ಲ. ಮುಂದಿನ ಸಲ ಹಳೆಯ ಕಂಪ್ಯೂಟರೊಂದನ್ನು ಗುಜರಿಗೆ ಹಾಕುವ ಮುನ್ನ ಮೈಕ್ರೋಸಾಫ್ಟ್‌ನದೇ ಉಚಿತ ಡಿಸ್ಕ್2ವಿಎಚ್‌ಡಿ ಉಪಕರಣದಿಂದ ಅದರ ಇಡೀ ಡಿಸ್ಕಿನ ಪ್ರತಿ ತೆಗೆದುಕೊಳ್ಳಿ, ಕ್ಯೂಎಮುವಿನ ಜೊತೆ ಬರುವ ಪರಿವರ್ತಕದಿಂದ ಅದನ್ನು ಕೆವಿಎಂಗೆ ಒಗ್ಗಿಸಿ, ಒಮ್ಮೆ ಎಬ್ಬಿಸಿ ನೋಡಿ. ಅದು ಎದ್ದು ಹಳೆಯ ಲೆಕ್ಕವನ್ನು ತೆರೆದು ತೋರಿಸಿದ ಮೇಲಷ್ಟೇ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಡಿ.